ಗುಡ್ಡದ ಮೂರು ಮಗ್ಗುಲ ಹಾಡು

ಕ್ರಾಗ್ಲಿ, ಯಾರ್ಕ್‌ಶೈರ್
ಸೋಮವಾರ, ೧೫ ಡಿಸೆಂಬರ್ ೧೯೫೮

ಮುದ್ದಿನ ಸೋದರ ಸೊಸೆ ಎನಿಡ್‌ಗೆ,

ಗುಡ್ಡದ ಈಚೆಯಿಂದ ನಿನ್ನ ಜೇಬೆಜ್ ಮಾವ ಮಾಡುವ ಆಶೀರ್ವಾದಗಳು. ಅಜ್ಜಿಯ ಹೆಸರು ಹೊತ್ತ ನಿನ್ನ ಹಸುಗೂಸು ಥಿರ್ಜಾಗೆ ನನ್ನ ಪರವಾಗಿ ಒಂದು ಮುತ್ತು ಕೊಡು; ಮೀಸೆ ಚುಚ್ಚದ ಹಾಗೆ ಕೊಡುವುದು ನಿನ್ನಿಂದ ಮಾತ್ರ ಸಾಧ್ಯ. ನಿನ್ನ ಗಂಡ ವಿಲ್ಫ್‌ಗೂ ಕೇಳಿದೆನೆಂದು ಹೇಳು. ಹೇಳದಿದ್ದರೂ ನಡೆಯುತ್ತದೆ.

ನಿನ್ನ ಕಾಗದ ತಲುಪಿತು; ಮದುವೆಯಾದ ಮೇಲೆ ನೀನು ನನಗೆ ಬರೆದ ಮೊದಲನೆಯದು. ತಪ್ಪು ನನ್ನದೇನಲ್ಲ. ನಿನ್ನ ಮದುವೆಯ ಊಟದಲ್ಲಿ, ನಿನ್ನ ಗಂಡನ ಊರಾದ ವಿನ್‌ಮೂರಿನವರು ಹಾಡುವ ಕ್ರಿಸ್ಮಸ್ಸಿನ ಕುರಿಗಾಹಿ ಹಾಡು ಬಾವಿಗೆ ಬಿದ್ದ ಕುರಿ ಅರಚಿದ ಹಾಗಿದೆ ಅಂತ ಇದ್ದದ್ದನ್ನು ಇದ್ದಂತೆ ಹೇಳಿದೆ. ನೀನು ಚಮಚ ಕೆಳಗಿಟ್ಟು, "ಹಾಗಾದ್ರೆ ಆ ಕುರಿ ಜೊತೇಲೇ ಇರ್ತೀನಿ ಬಿಡು ಮಾವ. ನೀವು ಹಾಡೋ ಪಬ್ಬಿಗೆ ಇನ್ನು ಕಾಲಿಡಲ್ಲ" ಅಂದೆ. ಅಂದ ಮಾತಿಗೆ ನಿಂತೂಬಿಟ್ಟೆ. ಹಟ ನಮ್ಮ ವಂಶದ್ದು, ಅದಕ್ಕೆ ನನಗೆ ಒಳಗೊಳಗೇ ಹೆಮ್ಮೆ.

ಈಗ ನೀನು ಕೇಳಿರುವುದು ಒಂದೇ. ಅದೇ ಹಾಡನ್ನು ನಿನ್ನ ಅಮ್ಮ, ಅಂದರೆ ನನ್ನ ತಂಗಿ ಥಿರ್ಜಾ, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇರೊಂದು ಧಾಟಿಯಲ್ಲಿ ಹಾಡುತ್ತಿದ್ದಳು. ಅವಳು ತೀರಿಕೊಂಡಾಗ ನೀನಿನ್ನೂ ಚಿಕ್ಕವಳು; ಕೊನೆಯ ಸಾಲು ಮರೆತುಹೋಗಿದೆ. ಆ ಧಾಟಿ ಯಾವ ಊರಿನದು ಮಾವ, ಮಗುವಿಗೆ ಅದನ್ನೇ ಹಾಡಬೇಕು, ಅರ್ಧಕ್ಕೆ ನಿಲ್ಲಿಸಿದರೆ ಅದೂ ಕಣ್ಣು ಬಿಟ್ಟುಕೊಂಡು ಕಾಯುತ್ತದೆ ಅಂತ ಬರೆದಿದ್ದೀಯ. ಅದನ್ನು ಓದಿ ನನ್ನ ಕನ್ನಡಕ ಯಾಕೋ ಮಂಜಾಯಿತು. ಒಲೆ ಹೊಗೆಯಾಡುತ್ತಿತ್ತು.

ಸರಿಯಾದ ಮನುಷ್ಯನನ್ನೇ ಕೇಳಿದ್ದೀಯ. ನಾನು ಹಳ್ಳಿ ಶಾಲೆಯನ್ನೂ ಪೂರ್ತಿ ಮುಗಿಸದೆ ಕಲ್ಲುಗೋಡೆ ಕಟ್ಟಲು ಹೋದವನು, ನಿಜ. ಆದರೆ ಈ ಗುಡ್ಡದ ಸುತ್ತ ಕುರಿಗಾಹಿ ಹಾಡಿನ ವಿಷಯದಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಬೇಕು. ಪಾದ್ರಿಯವರೇ ಒಮ್ಮೆ ಇದನ್ನು ಒಪ್ಪಿಕೊಂಡರು. ಆಮೇಲೆ ನಾನು ಮೆತ್ತಗೆ ಹಾಡಬೇಕೆಂದೂ ಕೇಳಿಕೊಂಡರು.

ನೀನು ಬರೆದು ಕಳಿಸಿದ ಸ್ವರದ ಚುಕ್ಕೆಗಳು ನನಗೆ ಕುರಿ ಹಿಕ್ಕೆಯ ಹಾಗೆ ಕಂಡವು. 'ಕಪ್ಪು ಟಗರು' ಪಬ್ಬಿನ ಒಡತಿ ಆನಿಸ್ ಅವನ್ನು ನೋಡಿಕೊಂಡು ಪಿಯಾನೋದ ಮೇಲೆ ಒಂದೇ ಬೆರಳಲ್ಲಿ ಬಾರಿಸಿದಳು. ವಿಚಿತ್ರ ಧಾಟಿ. ನಿಂತಲ್ಲೇ ನಿಂತು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತದೆ, ತೊಟ್ಟಿಲ ಹಾಗೆ. ನಮ್ಮ ಏಮೊಸ್ ಮುದುಕ ಲೋಟ ಕೆಳಗಿಟ್ಟು, "ಇದು ಹಾಡಲ್ಲ ಜೇಬೆಜ್, ನಿಮ್ಮನೆ ಗೇಟಿಗೆ ಎಣ್ಣೆ ಬೇಕಾಗಿದೆ" ಅಂದ. ಅದು ನಮ್ಮ ಊರಿನದಲ್ಲ ಅಂತ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಹಾಡು ಒಂದೇ ಆದರೂ ಊರಿಗೊಂದು ಧಾಟಿ; ಹಾಗಾಗಿ ಊರೂರು ಸುತ್ತಲು ಹೊರಟೆ. ಮೊದಲು ನಮ್ಮ ಪಾದ್ರಿಯವರ ಚರ್ಚು. ಅಲ್ಲಿಯ ಧಾಟಿ ಇಡೀ ದೇಶಕ್ಕೆ ಗೊತ್ತಿರುವುದೇ. ತಲೆ ಬಾಚಿ, ಮೂಗು ಒರೆಸಿ, ಸಾಲಾಗಿ ನಿಲ್ಲಿಸಿದ ಮಕ್ಕಳ ಹಾಗೆ. ಚೆಂದವೇ, ಆದರೆ ಆ ಕುರಿಗಾಹಿಗಳ ಬೂಟಿನಲ್ಲಿ ಕೆಸರೇ ಇಲ್ಲ.

ಮರುವಾರ ಆಕ್ಸ್‌ಡೆನ್ನಿಗೆ ಹೋದೆ. ಅವರು ಸಾಲು ಸಾಲಿನ ನಡುವೆ ಪಿಟೀಲು ನುಡಿಸುತ್ತಾರೆ. ಇಳಿಜಾರಿನಲ್ಲಿ ಬಿಟ್ಟ ಬಂಡಿಯ ಹಾಗೆ ಹಾಡು ಓಡುತ್ತದೆ. ದೇವದೂತ ದೇವಶಿಶುವಿನ ಸುದ್ದಿ ಹೇಳುವ ಮೊದಲೇ ಕುರಿಗಾಹಿಗಳು ಕುಣಿಯಲು ಶುರು ಮಾಡಿರುತ್ತಾರೆ. ನಾನು ಮೇಜು ಕುಟ್ಟಿ ಹಾಡಿದ್ದಕ್ಕೆ ಅಲ್ಲಿನವರು ನನಗೆ ಚೀಸ್ ಇಟ್ಟು ಹಣ್ಣಿನ ಕೇಕು ಕೊಟ್ಟರು. ಥಿರ್ಜಾಳ ತೂಗುವ ಧಾಟಿ ಅಲ್ಲೂ ಸಿಗಲಿಲ್ಲ.

ಉಳಿದದ್ದು ನಿಮ್ಮ ವಿನ್‌ಮೂರು. ಒಳಗೆ ಬರಲಿಲ್ಲ. ಬೋಳುಗುಡ್ಡದ ನೆತ್ತಿಯಲ್ಲಿ, ನಾನೇ ಕಟ್ಟಿದ ಗೋಡೆಗೆ ಒರಗಿ ನಿಂತೆ. ಕೆಳಗೆ ಊರು ಕಾಣಿಸುತ್ತಿರಲಿಲ್ಲ, ಬರೀ ಮಂಜು, ಮಂಜಿನಲ್ಲಿ ತೇಲುವ ಹೊಗೆಗೊಳವೆಗಳು. ಹಾಡು ಮಾತ್ರ ಮೇಲೆ ಬಂತು. ಒಂದೊಂದೇ ಮೆಟ್ಟಿಲು ಇಳಿದು, ಇಳಿದದ್ದನ್ನೇ ಮತ್ತೆ ಇಳಿದು, ಎಷ್ಟು ನಿಧಾನ ಅಂದರೆ ನನ್ನ ಪಕ್ಕ ಮಲಗಿದ್ದ ಕುರಿಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ನನಗೆ ಎಲ್ಲಿದ್ದೇನೆಂದೇ ಮರೆತುಹೋಯಿತು. ಮಂಜೇ ಹಾಡುತ್ತಿದೆಯೋ, ತೀರಿಹೋದವರೆಲ್ಲ ಕೆಳಗೆ ಕೂತು ಹಾಡುತ್ತಿದ್ದಾರೋ ಅನ್ನಿಸಿತು. ಕುರಿ ಬಾವಿಗೆ ಬಿದ್ದಿರುವುದು ನಿಜವೇ, ನನ್ನ ಮಾತಿಗೆ ನಾನು ಈಗಲೂ ಬದ್ಧ. ಆದರೆ ಯಾರೋ ಹಗ್ಗ ಇಳಿಬಿಟ್ಟು, ಅದರ ಜೊತೆ ಮಾತಾಡುತ್ತಾ, ಮೆಲ್ಲಗೆ ಮೇಲೆತ್ತುತ್ತಿದ್ದಾರೆ. ಅದನ್ನು ಮದುವೆಯ ದಿನ ನಾನು ಗಮನಿಸಿರಲಿಲ್ಲ. ಪುಡಿಂಗು ಬರುವ ಹೊತ್ತಾಗಿತ್ತು.

ನಿನ್ನ ಅಮ್ಮನ ಧಾಟಿ ಅಲ್ಲಿಯೂ ಇಲ್ಲ. ಇನ್ನು ಗುಡ್ಡದ ಸುತ್ತ ಊರೇ ಉಳಿದಿರಲಿಲ್ಲ.

ನಿನ್ನೆ ಭಾನುವಾರ ಮಧ್ಯಾಹ್ನ ಎಂದಿನಂತೆ 'ಕಪ್ಪು ಟಗರಿ'ನಲ್ಲಿ ಸೇರಿದೆವು. ಹಿಮ ಬೀಳುತ್ತಿತ್ತು. ಒದ್ದೆ ಕೋಟಿನ ಯಾರೋ ದಾರಿಹೋಕ ಬಾಗಿಲ ಬಳಿ ನಿಂತಿದ್ದ. ನಮ್ಮ ಹಾಡು ನಿನಗೆ ಗೊತ್ತಲ್ಲ: ಮೊದಲು ನಾವು ಗಂಡಸರು ತಳದಿಂದ ಎಬ್ಬಿಸುತ್ತೇವೆ, ಹಿಂದೆಯೇ ಹೆಂಗಸರು, ಒಬ್ಬರ ಬೆನ್ನ ಮೇಲೊಬ್ಬರು ಕುರಿಗಳು ಕಿರಿದಾದ ಗೇಟಿನಲ್ಲಿ ನುಗ್ಗುವ ಹಾಗೆ, ಕೊನೆಗೆ ಎಲ್ಲರೂ ಒಂದೇ ಹೊಲದಲ್ಲಿ. ಯಾರಿಗೆ ಯಾವ ದನಿ ಎಂಬುದು ಹುಟ್ಟಿದಾಗಲೇ ಗೊತ್ತಾಗಿರುತ್ತದೆ. ಅಪ್ಪ ಕೂತಲ್ಲಿ ಮಗ, ತಾಯಿ ಕೂತಲ್ಲಿ ಮಗಳು. ಪಕ್ಕದವರ ದನಿ ಯಾರೂ ಕಲಿಯುವುದಿಲ್ಲ. ಕಲಿತರೆ ಅವರ ಕುರ್ಚಿಗೆ ಕಣ್ಣು ಹಾಕಿದ ಹಾಗೆ.

ಎರಡನೆಯ ಚರಣದಲ್ಲಿ ನನ್ನ ತಲೆಗೆ ಮಿಂಚಿನಂತೆ ಹೊಳೆಯಿತು. ನಿನ್ನ ಆ ತೂಗುವ ಧಾಟಿಯನ್ನು ನಾನು ನಮ್ಮ ಹಾಡಿನ ನಡುವೆ ಸೇರಿಸಿ ಹಾಡಿದೆ. ಎಲ್ಲರೂ ಹಾಡುತ್ತಲೇ ತಿರುಗಿ ನೋಡಿದರು. ಅದು ಬೇರೆ ಊರಿನ ಧಾಟಿಯೇ ಅಲ್ಲ ಕೂಸೇ. ಅದು ನಮ್ಮದೇ ಹಾಡಿನ ನಡುದನಿ. ಒಲೆಯ ಪಕ್ಕ ಕೂತು ಥಿರ್ಜಾ ಹಾಡುತ್ತಿದ್ದದ್ದು ಅದನ್ನೇ, ಅವಳಿಗಿಂತ ಮೊದಲು ನನ್ನ ಅಮ್ಮ. ನೀನು ಅವಳ ಎದೆಗೆ ಒರಗಿ ಕೂತವಳು; ನಿನ್ನ ಕಿವಿಗೆ ಅದೊಂದೇ ಹಾಡಾಗಿ ಕೇಳಿತು, ಉಳಿದವರೆಲ್ಲ ಬರೀ ಗದ್ದಲ.

ಗಾರೆಯಿಲ್ಲದ ಒಣಗೋಡೆ ಕಟ್ಟುವಾಗ ಎರಡು ಮುಖದ ದೊಡ್ಡ ಕಲ್ಲುಗಳ ನಡುವೆ ಚಿಕ್ಕ ಕಲ್ಲು ತುಂಬುತ್ತೇವೆ. ಹೊರಗಿನವರಿಗೆ ಅದು ಕಾಣುವುದಿಲ್ಲ. ಅದಿಲ್ಲದಿದ್ದರೆ ಗೋಡೆ ಕೆಲವು ಚಳಿಗಾಲ ನಿಲ್ಲುತ್ತದೆ, ಆಮೇಲೆ ಹೊಟ್ಟೆ ಉಬ್ಬಿಸುತ್ತದೆ. ಥಿರ್ಜಾ ಹೋದಮೇಲೆ ನಮ್ಮ ಹಾಡು ಹಾಗೆಯೇ ನಿಂತಿತ್ತು. ನಾವು ಆ ಟೊಳ್ಳನ್ನು ಜೋರು ದನಿಯಿಂದ ಮುಚ್ಚಿಕೊಂಡಿದ್ದೆವು, ಎಲ್ಲರಿಗಿಂತ ಜೋರು ನನ್ನದು.

ನೀನು ಮರೆತ ಕೊನೆಯ ಸಾಲು? ಅದೂ ಸಿಕ್ಕಿತು. ಕೊನೆಯಲ್ಲಿ ಸುತ್ತಲಿನ ದನಿಗಳ ನಡುವೆ ಒಂದೇ ಒಂದು ಜಾಗ ಖಾಲಿ ಇತ್ತು. ತೂಗುತ್ತಿದ್ದ ದನಿ ತಾನಾಗಿ ಒಮ್ಮೆ ಮೇಲೆದ್ದು, ಅಲ್ಲಿಗೆ ಹೋಗಿ ಕೂತುಬಿಟ್ಟಿತು. ಆನಿಸ್ ಜಗ್ಗು ಹಿಡಿದುಕೊಂಡೇ ನಿಂತು, "ಅಯ್ಯೋ, ಥಿರ್ಜಾ ಬಂದ್ಲು" ಅಂದಳು.

ಚುಕ್ಕೆಯಲ್ಲಿ ಬರೆಯಲು ನನಗೆ ಬರುವುದಿಲ್ಲ. ನೀನೇ ಬಂದು ನಡುವೆ ಕೂತುಕೋ. ಬರುವ ಭಾನುವಾರ ಮಧ್ಯಾಹ್ನ. ಮಗುವನ್ನು ತೊಡೆಯ ಮೇಲೆ ಕೂರಿಸಿಕೋ, ಅದಕ್ಕೂ ತನ್ನ ದನಿ ಗೊತ್ತಾಗಲಿ.

ಇಂತಿ,
ನಿನ್ನ ಸೋದರಮಾವ,
ಗುಡ್ಡದ ಈಚೆ ಮಗ್ಗುಲಿನ ಅತ್ಯುತ್ತಮ ತಳದನಿ,
ಜೇಬೆಜ್

ತಾಜಾ ಕಲಂ: ಕಾಗದ ಮಡಿಸಿದವನು ಮತ್ತೆ ಬಿಚ್ಚಿದೆ. ಪೀಪಾಯಿಯಂಥ ನನ್ನ ಗಂಟಲಿನಲ್ಲಿ ಆ ದನಿ ಹೊರಡುವುದುಂಟೇ ಅಂತ ನೀನು ಹೇಗೂ ನಗುತ್ತೀಯ. ಹಾಡಿದವನು ಆ ಒದ್ದೆ ಕೋಟಿನವನು, ನಿನ್ನ ವಿಲ್ಫ್. ಚಿಕ್ಕಮ್ಮನ ಕೋಳಿಗೂಡು ರಿಪೇರಿ ಅಂತ ನಿನಗೆ ಹೇಳಿ ಬಂದಿದ್ದನಂತೆ. ಒಳಗೆ ಬಂದಾಗ ಏಮೊಸ್, "ನೋಡ್ರಪ್ಪಾ, ಬಾವಿಯಿಂದ ಒಂದು ಕುರಿ ಮೇಲೆ ಬಂದಿದೆ" ಅಂದ. ವಿಲ್ಫ್ ನಕ್ಕನೇ ಹೊರತು ಕದಲಲಿಲ್ಲ. ನೀನು ಪಾತ್ರೆ ತೊಳೆಯುವಾಗ ಗುನುಗುವುದನ್ನು ಕೇಳಿ ಕೇಳಿ ಕಲಿತಿದ್ದಾನೆ. "ಮಾವ, ಎನಿಡ್‌ಗೆ ಹೇಳ್ಬೇಡಿ. ಬೇರೆ ಊರಿನ ಹಾಡು ಹಾಡಿದೆ ಅಂತ ತಿಳಿದ್ರೆ ನಮ್ಮೂರಲ್ಲಿ ನನ್ನ ಕುರ್ಚಿ ಹೋಗತ್ತೆ" ಅಂದ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಬರೆಯುವುದಿಲ್ಲ ಅಂತ ಕೊಟ್ಟಿಲ್ಲ. ಥಿರ್ಜಾ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲಲ್ಲಿಯೇ ಅವನೂ ತೆಗೆದುಕೊಂಡ. ಕೊನೆಯ ಸಾಲು ಅವನ ಹತ್ತಿರ ಇದೆ. ಇವತ್ತೇ ಕೇಳಿಸಿಕೊಂಡು ಮಗುವನ್ನು ಮಲಗಿಸು. ಭಾನುವಾರ ಅವನನ್ನೂ ಕರೆದುಕೊಂಡು ಬಾ. ಒಲೆಯ ಪಕ್ಕದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರದಿರಲೆಂದು ಇಷ್ಟು ವರ್ಷ ನನ್ನ ಟೋಪಿ ಇಡುತ್ತಿದ್ದೆ. ಈಗ ತೆಗೆದಿದ್ದೇನೆ.