ಲೈನ್ ಚೆನ್ನಾಗಿಯೇ ಇತ್ತು

ಭಾನುವಾರ, ಸಂಜೆ

ಅಮ್ಮಾ,

ಚೆನ್ನಾಗಿದ್ದೀಯ ತಾನೇ? ಫೋನ್ ಇರುವಾಗ ಇದೇನು ಇವಳು ಕಾಗದ ಬರೀತಾಳೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನನ್ನ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕೋಕೆ ಆಗಲ್ಲವಲ್ಲ, ಅದಕ್ಕೇ.

ಇಲ್ಲಿ ಊಟಕ್ಕೇನೂ ಕೊರತೆಯಿಲ್ಲ. ಆದರೆ ಹೋಟೆಲಿನಲ್ಲಿ ಬೇಕಾದ್ದನ್ನ ತಿನ್ನಲ್ಲ, ಯಾವುದರ ಹೆಸರು ಬಾಯಿಗೆ ಸಲೀಸಾಗಿ ಬರುತ್ತೋ ಅದನ್ನ ತಿಂತೀನಿ. ಬಸ್ಸಿನಲ್ಲಿ ನನ್ನ ನಿಲ್ದಾಣದ ಹೆಸರು ಗಂಟಲಲ್ಲೇ ಸಿಕ್ಕಿಕೊಂಡರೆ ಮುಂದಿನದರ ಹೆಸರು ಹೇಳಿ, ಅಲ್ಲಿಂದ ವಾಪಸ್ ನಡೆದು ಬರ್ತೀನಿ. ರಜಾ ದಿನ ಕೆಲವು ಸಲ ಬಾಯೇ ತೆರೆದಿರಲ್ಲ. ಸಂಜೆ ಗೋಡೆಗೆ ಏನಾದರೂ ಹೇಳಿ ನೋಡ್ತೀನಿ. ಗೋಡೆ ಹತ್ರ ಉಗ್ಗೇ ಬರಲ್ಲ ಕಣಮ್ಮ, ಎಂಥ ತಮಾಷೆ!

ಕನ್ನಡಕದಂಗಡಿಯ ಕೆಲಸ ಒಗ್ಗಿದೆ. ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿಗೆ ಗಾಜು ಕೂರಿಸ್ತೀನಿ. ಮಾಲೀಕರನ್ನ ಅಜ್ಜ ಅಂತಲೇ ಕರೆಯೋದು. ಕಣ್ಣು ಪರೀಕ್ಷೆಗೆ ಕೂತವರು ಅಕ್ಷರ ಕಾಣದೆ ತಡವರಿಸಿದರೆ ಅಜ್ಜ ಅವಸರ ಮಾಡಲ್ಲ, ತಾವೇ ಹೇಳಿಕೊಡೋದೂ ಇಲ್ಲ. ನನ್ನ ಮಾತು ನಿಂತಾಗಲೂ ಹಾಗೇ. ನಿಧಾನ ಅನ್ನಲ್ಲ, ಉಸಿರು ಎಳೆದುಕೋ ಅನ್ನಲ್ಲ, ಗಡಿಯಾರ ನೋಡಲ್ಲ. ನನ್ನ ಮುಖ ನೋಡ್ತಾ ಕಾಯ್ತಾರೆ, ಅಷ್ಟೇ. ಶಾಲೆಯಲ್ಲಿ ಟೀಚರ್ ಪಾಪ ಅಂತ ಗಟ್ಟಿಯಾಗಿ ಓದೋ ಸರದಿಯಿಂದ ನನ್ನನ್ನ ಬಿಟ್ಟುಬಿಟ್ಟರಲ್ಲ, ಆಗ ನಿನಗೆ ಎಷ್ಟು ಸಮಾಧಾನ ಆಗಿತ್ತು! ನನಗೆ ಮಾತ್ರ ಆ ತರಗತಿಯಲ್ಲಿ ನಾನೇ ಇಲ್ಲ ಅನ್ನಿಸಿತ್ತು.

ಈಗ ವಿಷಯಕ್ಕೆ ಬರ್ತೀನಿ. ಹುಡುಗನ ಮನೆಯವರು ಬಂದಿದ್ದಾಗ ನನ್ನನ್ನ ಕೇಳಿದ್ದಕ್ಕೆಲ್ಲ ನೀನೇ ಉತ್ತರ ಕೊಟ್ಟೆ. ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ ಅಂದೆ. ಮಾರನೇ ದಿನ ಆತ ಫೋನ್ ಮಾಡಿದರೆ, ಲೈನ್ ಸರಿಯಿಲ್ಲ ಅಂತ ನನ್ನ ಕೈಯಿಂದ ಕಿತ್ತುಕೊಂಡೆ. ನಿನ್ನ ಭಯ ನನಗೆ ಅರ್ಥವಾಗುತ್ತೆ. ಆದರೆ ನನ್ನ ಉಗ್ಗು ಮದುವೆಯಾದ ಮೇಲೆ ಬಯಲಾಗೋ ಗುಟ್ಟಾಗಬಾರದು. ಆತನಿಗೆ ಅದನ್ನ ನನ್ನ ಬಾಯಿಂದಲೇ ಹೇಳಬೇಕು. ಅಲ್ಲಿವರೆಗೂ ದಿನ ಗೊತ್ತು ಮಾಡಬೇಡ.

ಬರೋ ಭಾನುವಾರ ನಿನಗೆ ಫೋನ್ ಮಾಡ್ತೀನಿ. ನಾನು ನಡುವೆ ನಿಂತುಬಿಟ್ಟರೆ ಪದ ಎತ್ತಿಕೊಡಬೇಡ, ಅಳಬೇಡ, ಫೋನ್ ಇಡಬೇಡ. ನೀನು ಆ ಕಡೆ ಇದ್ದೀಯ ಅಂತ ಗೊತ್ತಿದ್ದರೆ ಸಾಕು, ಹೇಗೋ ಕೊನೆ ಮುಟ್ಟಿಸ್ತೀನಿ.

ನಿನ್ನ
ಬಾಯಿಬಡುಕಿ ಮಗಳು

ಮತ್ತೆ: ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ನಿನ್ನೆ ಆತನಿಗೆ ನಾನೇ ಫೋನ್ ಮಾಡಿದ್ದೆ. ನನ್ನ ಹೆಸರು ಹೇಳಿ ಮುಗಿಸೋಕೆ ಮುಂಚೆಯೇ ಲೈನ್ ಸರಿಯಿಲ್ಲ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟ. ಇನ್ನೂ ಮಾಡಿಲ್ಲ. ಲೈನ್ ಚೆನ್ನಾಗಿಯೇ ಇತ್ತಮ್ಮ.