ಎಣಿಸಬಾರದ ಮಂದೆ

ಆನವಟ್ಟಿ
೨೦ ಮೇ ೨೦೨೧

ಮೇಘನಾಳ ಅಪ್ಪನವರಿಗೆ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ. ಎತ್ತಿದರೂ ಎರಡನೇ ಮಾತಿಗೆ ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದುವಿರಿ ಎಂದುಕೊಂಡು ಬರೆಯುತ್ತಿದ್ದೇನೆ. ಬಸ್ಸುಗಳು ನಿಂತಿವೆ. ಹಾಲಿನ ಗಾಡಿಯ ಯತೀಶ ತಾಳಗುಂದದ ಕಡೆ ಹೋಗುತ್ತಾನೆ. ನಿಮ್ಮ ಕೈಯಲ್ಲೇ ಕೊಡು ಎಂದು ಹೇಳಿದ್ದೇನೆ.

ಮಾವ ಹೋದರೆಂದು ನೀವು ತಿಳಿಸಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನ್ ಇಟ್ಟು ಉಳಿದ ಹಿಟ್ಟನ್ನೂ ಬಡಿದು ಮುಗಿಸಿದೆ. ಒಂದು ರೊಟ್ಟಿಯೂ ಹೊತ್ತಲಿಲ್ಲ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ಇಂದಿಗೂ ಬಂದಿಲ್ಲ. ಇದನ್ನು ನಿಮ್ಮ ಅಕ್ಕಂದಿರಿಗೆ ಹೇಳಬೇಡಿ. ನಾನು ಕಲ್ಲಿನಂಥವಳೆಂದು ಅವರು ಮೊದಲೇ ನಂಬಿದ್ದಾರೆ.

ನಾನು ಇಲ್ಲಿಯ ಶಾಲೆಯ ಕೆಲಸ ಬಿಡಲಿಲ್ಲ, ನೀವು ಅಲ್ಲಿಯ ಕುರಿ ಬಿಡಲಿಲ್ಲ. ಆ ಜಗಳವನ್ನು ಈ ಕಾಗದಕ್ಕೆ ತರುವುದಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಮಗಳನ್ನು ಕರೆದುಕೊಂಡು ಬರದಿದ್ದರೆ ಮುಂದೆ ಬರುವುದೇ ಬೇಡ ಎಂದಿರಿ. ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕುವುದಿಲ್ಲ. ನೀವು ಹೇಳಿದ್ದನ್ನು ಮಾಡುವವರು. ಆದರೂ ನಾವು ಬರುವುದಿಲ್ಲ.

ನೀವಂದದ್ದು ಹಾಗೇ ನೆನಪಿದೆ: “ವರ್ಷಾ ವರ್ಷಾ ಬರೋ ಫ್ಲೂ ಜ್ವರಾನೇ ಇದು. ಆಗ್ಲೂ ಮುದುಕ್ರು ಹೋಗ್ತಿದ್ರು, ಈಗ್ಲೂ ಹೋಗ್ತಾರೆ. ಮಂದ್ಯಾಗೆ ನೂರಕ್ಕೊಂದು ಹೋದ್ರೆ ಚಲೋ ವರ್ಷ ಅಂತೀವಿ.”

ಗಣಿತದ ಟೀಚರ್ ಆಗಿ ಇಷ್ಟು ಹೇಳಬಲ್ಲೆ. ವರ್ಷವರ್ಷದ ಫ್ಲೂ ತಗುಲಿದ ಸಾವಿರ ಜನರಲ್ಲಿ ಸುಮಾರು ಒಬ್ಬರು ಹೋಗುತ್ತಾರೆ. ಈಗಿನ ಈ ಕಾಯಿಲೆಯಲ್ಲಿ ಸಾವಿರಕ್ಕೆ ಐದು ಎನ್ನುತ್ತಾರೆ, ಹತ್ತು ಎನ್ನುತ್ತಾರೆ. ವಯಸ್ಸಾದವರಲ್ಲಿ ಇನ್ನೂ ಬಹಳ ಹೆಚ್ಚು. ಸರಿಯಾಗಿ ಯಾರಿಗೂ ಗೊತ್ತಿಲ್ಲ. ಭಿನ್ನರಾಶಿಯಲ್ಲಿ ಸತ್ತವರನ್ನು ಗೆರೆಯ ಮೇಲೆ ಬರೆದರೆ ಸಾಲದು, ಕಾಯಿಲೆ ಬಿದ್ದವರನ್ನೂ ಗೆರೆಯ ಕೆಳಗೆ ಬರೆಯಬೇಕು. ನಿಮ್ಮ ಕೇರಿಯಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಕೇಳಿದ್ದೆ. ಅದನ್ನೆಲ್ಲ ಯಾರು ಎಣಿಸುತ್ತಾರೆ, ಹೋದದ್ದು ಅಪ್ಪ ಒಬ್ಬನೇ ಎಂದಿರಿ.

ನಿಮ್ಮ ಮನೆಯ ಪದ್ಧತಿ ನನಗೆ ಗೊತ್ತಿಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು ಒಳಬರುವ ಕುರಿಗಳನ್ನು ಎಣಿಸಲು ಹೊರಟಾಗ ಮಾವ ನನ್ನ ಮುಂದೆ ಕೋಲು ಅಡ್ಡ ಹಿಡಿದಿದ್ದರು. “ಜೀವ ಇರೋವನ್ನ ಎಣಿಸಬಾರ್ದವ್ವ, ಕಡ್ಮಿ ಆಗ್ತಾವು. ಒಂದೊಂದರದ್ದೂ ಮುಖ ನೋಡು, ಸಾಕು.” ಹಾಗಾಗಿ ಆ ಮನೆಯಲ್ಲಿ ಲೆಕ್ಕ ಇರುವುದು ಸತ್ತವುಗಳಿಗೆ ಮಾತ್ರ.

ಆದ್ದರಿಂದ ನಿನ್ನೆ ಅತ್ತೆಗೆ ಫೋನ್ ಮಾಡಿದಾಗ ಎಷ್ಟು ಜನ ಎಂದು ಕೇಳಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಉಂಡರೇ ಎಂದು ಕೇಳಿದೆ. ಪಕ್ಕದ ಮನೆಯ ಗುಡ್ಡಮ್ಮ ಎದ್ದಿಲ್ಲ. ಮಂದೆ ಮೇಯಿಸುವ ಯಲ್ಲಪ್ಪನಿಗೆ ಗಂಜಿಯೂ ಬೇಡವಂತೆ. ಮಾವನಿಗೆ ಹೆಗಲು ಕೊಟ್ಟ ನಿಮ್ಮ ಚಿಕ್ಕಪ್ಪ ಸದಾಶಿವಪ್ಪ ಮೈಕೈ ನೋವೆಂದು ಮಲಗಿದ್ದಾರೆ. ಕೊನೆಗೆ, ನೀವು ಉಂಡಿರಾ ಅತ್ತೆ ಎಂದೆ. ಅವರು ನಿಮ್ಮನ್ನು ಬೈದರು: “ಎಂಥಾ ಉಪ್ಪು ತಂದಾನೋ ನಿನ್ನ ಗಂಡ, ಮುಷ್ಟಿಗಟ್ಲೆ ಹಾಕಿದ್ರೂ ಸಾರಿಗೆ ಹತ್ತವಲ್ದು.”

ಅದೇ ಸಾರು ಬರೀ ಉಪ್ಪೆಂದು ನೀವು ತಟ್ಟೆ ಬಿಟ್ಟು ಎದ್ದಿರಿ ಎಂದೂ ಅವರೇ ದೂರಿದರು. ನೀವು ತಂದ ಉಪ್ಪಿನಲ್ಲಿ ದೋಷವಿಲ್ಲ. ಅತ್ತೆಯ ನಾಲಿಗೆಗೆ ರುಚಿ ಹೋಗಿದೆ. ಈ ಕಾಯಿಲೆಯಲ್ಲಿ ಹಾಗಾಗುತ್ತದೆ. ಅವರಿಗೂ ಹಾಗೆಂದು ಹೇಳಿದೆ. ಕಾರ್ಯ ಮುಗೀಲಿ, ಆಮೇಲೆ ನೋಡೋಣ ಎಂದು ಫೋನ್ ಇಟ್ಟರು. ಕಾರ್ಯದ ದಿನ ಒಲೆಯ ಮುಂದೆ ನಿಲ್ಲುವವರು ಅವರೇ. ಬಂದ ಹೆಂಗಸರೆಲ್ಲ ಅವರನ್ನೇ ತಬ್ಬಿಕೊಂಡು ಅಳುತ್ತಾರೆ.

ಕಾಗದ ಮಡಿಸಿಟ್ಟ ಕೂಡಲೇ ಅವರನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ಬೆರಳಿಗೆ ಕ್ಲಿಪ್ಪಿನಂಥದ್ದು ಸಿಕ್ಕಿಸಿ ಆಕ್ಸಿಜನ್ ನೋಡುತ್ತಾರೆ. ತೊಂಬತ್ತನಾಲ್ಕಕ್ಕಿಂತ ಕಡಿಮೆ ಬಂದರೆ ಮನೆಗೆ ವಾಪಸ್ ಕರೆತರಬೇಡಿ, ಅವರು ಎಷ್ಟೇ ಹಟ ಮಾಡಲಿ. ಕಾರ್ಯವನ್ನು ಮುಂದೆ ಹಾಕಿ. ತೊಗರ್ಸಿಯ ನೆಂಟರಿಗೆ ಬರಬೇಡಿರೆಂದು ಫೋನ್ ಮಾಡಿ. ಸೊಸೆ ಅಡ್ಡಗಾಲು ಹಾಕಿದಳು ಎಂದೇ ಹೇಳಿ, ನನ್ನ ಅಭ್ಯಂತರವಿಲ್ಲ. ಆಮೇಲೆ ನನ್ನನ್ನು ಮನೆಗೆ ಸೇರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಸಾವಿರಕ್ಕೆ ಹತ್ತು ಸಣ್ಣ ಸಂಖ್ಯೆಯೇ. ಆ ಹತ್ತರಲ್ಲಿ ಯಾರಿರುತ್ತಾರೆ ಎಂಬ ಲೆಕ್ಕ ನನಗೆ ಬರುವುದಿಲ್ಲ. ನೀವು ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ನೋಡುವ ಹಾಗೆ ಅತ್ತೆಯ ಮುಖವನ್ನು ಒಮ್ಮೆ ನೋಡಿ.

ಇಂತಿ
ಸುಷ್ಮಿತಾ

ತಾ.ಕ.: ಈ ಕಾಗದವನ್ನು ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಇಟ್ಟಿದ್ದೆ. ಆದರೂ ಓದಿದ ಮೇಲೆ ಕೈ ತೊಳೆದುಕೊಳ್ಳಿ. ಮೇಘನಾ ಚೆನ್ನಾಗಿದ್ದಾಳೆ, ಇಲ್ಲಿ ಪಕ್ಕದ ಮನೆಯ ಮಾಲಕ್ಕನ ಹತ್ತಿರ ಬಿಟ್ಟಿದ್ದೇನೆ. ಅವರಿಗೆ ಹೋದ ತಿಂಗಳೇ ಈ ಜ್ವರ ಬಂದು ವಾಸಿಯಾಗಿದೆ. ಮಗಳನ್ನು ಕಿಟಕಿಯಿಂದ ನೋಡುತ್ತೇನೆ. ರೊಟ್ಟಿ ಹೊತ್ತಲಿಲ್ಲ ಎಂದು ಮೇಲೆ ಬರೆದೆ. ಹೊತ್ತಿದ್ದವು, ಎಲ್ಲವೂ. ಅವಳು ಓಡಿ ಬಂದು ಒಲೆ ಆರಿಸಿದ ಮೇಲೆ ಗೊತ್ತಾಯಿತು. ನನಗೆ ವಾಸನೆ ಬಂದಿರಲಿಲ್ಲ. ಲೆಕ್ಕ ಬರೆಯುವುದಾದರೆ ನನ್ನನ್ನೂ ಸೇರಿಸಿಕೊಳ್ಳಿ. ಸದ್ಯಕ್ಕೆ ಗೆರೆಯ ಕೆಳಗೆ.