ಮೈಕ್ ಸಿಕ್ಕಿಸುವಾಗಿನ ನಗು

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಸಾಬೂನಿನ ಜಾಹೀರಾತು. ಅರ್ಧ ನಿಮಿಷದೊಳಗೆ ಮುಗಿಯಬೇಕಂತೆ, ಮುಗಿಯುತ್ತಿಲ್ಲ. ಮಗುವಿನ ಕಾಲು ತೆಗೆದೆ. ಅಜ್ಜಿಯ ಆಕಳಿಕೆ ತೆಗೆದೆ. ಇನ್ನೂ ಉದ್ದ. ನನ್ನ ಎಡಿಟ್ ರೂಮಿನ ಕೆಳಗೆ ದರ್ಜಿಯ ಅಂಗಡಿ, ಬೆಳಗಿನಿಂದ ಮಷೀನು ಟರ್ ಅನ್ನುತ್ತಿದೆ. ಅವನೂ ಕತ್ತರಿ ಹಿಡಿದವನೇ. ಆದರೆ ಅವನ ಬಗ್ಗೆ ಯಾರೂ ಪೇಪರಿನಲ್ಲಿ ಬರೆಯುವುದಿಲ್ಲ.

ಕೈ ಓಡುತ್ತಿಲ್ಲ. ನಿನ್ನೆಯ ಪೇಪರು ಮೇಜಿನ ಮೇಲೇ ಬಿದ್ದಿದೆ. ಮೇಷ್ಟ್ರ ಭಾನುವಾರದ ಅಂಕಣ. ಸಿನಿಮಾ ಸತ್ತಿತು ಎಂದು ವರ್ಷಗಳಿಂದ ಬರೆಯುತ್ತಿದ್ದಾರೆ, ವಾರಕ್ಕೊಮ್ಮೆ ಸಾಯಿಸುತ್ತಾರೆ. ಈ ವಾರ ಹೆಣ ಮಾತ್ರ ಬೇರೆ — ನನ್ನ ಮಗಳ ಮೊದಲ ಸಿನಿಮಾ. ಈಗಿನವರಿಗೆ ನಿಲ್ಲುವುದಕ್ಕೇ ಬರುವುದಿಲ್ಲವಂತೆ. ಪ್ರೇಕ್ಷಕ ಫೋನ್ ತೆಗೆದುಬಿಟ್ಟಾನು ಅನ್ನುವ ಭಯಕ್ಕೆ ಓಡುತ್ತಾರಂತೆ. ಕೊನೆಯಲ್ಲಿ ಒಂದು ಸಾಲು: 'ಎಡಿಟರ್ ಕತ್ತರಿಸಿಲ್ಲ, ಸೊಪ್ಪು ಹೆಚ್ಚಿದ್ದಾರೆ.'

ಆ ಎಡಿಟರ್ ನಾನು. ಹೆಸರು ಕೂಡ ಬರೆದಿಲ್ಲ. ಇವರು ನಿರ್ದೇಶಿಸಿದ ಸಿನಿಮಾಗಳನ್ನೆಲ್ಲ ಕೂಡಿಸಿದ್ದು ಇದೇ ಕೈ. ಪಕ್ಕದಲ್ಲಿ ಕೂರಿಸಿಕೊಂಡು ಇವರೇ ಕಲಿಸಿದ ಕೈ. ಆದರೆ ನನ್ನ ಕೋಪ ಅದಕ್ಕಲ್ಲ. ಮಗಳಿಗಾಗಿ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ಮಾರ್ಚ್ 7, ಶುಕ್ರವಾರ

ಥಿಯೇಟರಿನಿಂದ ತೆಗೆದರು. ಆ ಜಾಗಕ್ಕೆ ದೆವ್ವದ ಸಿನಿಮಾ ಬಂದಿದೆ. ಮಗಳು ಪೋಸ್ಟರು ಸುತ್ತಿ ಬೀರುವಿನ ಮೇಲಿಟ್ಟಳು. ಅಳಲಿಲ್ಲ. ಊಟಕ್ಕೆ ಕರಿ ಅಂದಳು, ಕರೆದಾಗ ಬರಲಿಲ್ಲ. ಒಂದು ಕಂಪನಿಯವರು ಅವಳ ಮುಂದಿನ ಕಥೆ ಕೇಳಿದ್ದಾರೆ. ಒಪ್ಪುವ ಹಾಗಿದ್ದಾರೆ. ಅವಳು ಉಸಿರಾಡುತ್ತಿರುವುದು ಅದೊಂದರಿಂದ.

ಈಗ ಟಿವಿಯವರು ಕರೆದಿದ್ದಾರೆ. ಚರ್ಚೆಯಂತೆ. 'ಇಂದಿನ ಸಿನಿಮಾ ಕೆಟ್ಟಿದೆಯೇ?' ಕೆಟ್ಟಿದೆ ಅನ್ನಲು ಮೇಷ್ಟ್ರು. ಇಲ್ಲ ಅನ್ನಲು ಇವಳು.

"ಹೋಗ್ಬೇಡ," ಅಂದೆ. "ನಿನ್ನನ್ನ ನುಂಗಿ ನೀರು ಕುಡೀತಾರೆ."

"ಹೋಗ್ತೀನಮ್ಮ. ಅವರ ಹತ್ರ ಮಾತಾಡ್ಬೇಕು."

ಜಗಳ ಆಡಬೇಕು ಅನ್ನಲಿಲ್ಲ. ಮಾತಾಡಬೇಕಂತೆ. ಯಾರ ಹೊಟ್ಟೆಯಲ್ಲಿ ಹುಟ್ಟಿದಳೋ.

ಮಾರ್ಚ್ 12, ಬುಧವಾರ

ನಿನ್ನೆ ರೆಕಾರ್ಡಿಂಗ್ ಮುಗಿಯಿತು. ಹೇಗಿತ್ತು ಅಂದರೆ "ಚೆನ್ನಾಗಿತ್ತು" ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ವಯಸ್ಸಾಗಿದೆಯಮ್ಮ." ಆಯ್ತು, ನನಗೇನು ಹದಿನಾರೇ?

ಮಧ್ಯಾಹ್ನ ಆ ಕಾರ್ಯಕ್ರಮದ ಪ್ರೊಡ್ಯೂಸರ್ ಫೋನು.

"ಮೇಡಂ, ನಮ್ಮ ಎಡಿಟರ್‌ಗೆ ಮಗು ಹುಟ್ಟಿದೆ. ಫೋನೇ ಎತ್ತುತ್ತಿಲ್ಲ ಮಹಾರಾಯ. ಭಾನುವಾರ ಪ್ರಸಾರ. ನೀವೇ ಕೈ ಹಿಡೀಬೇಕು. ಆದ್ರೆ... ನಿಮ್ಮ ಮಗಳೇ ಇರೋ ಎಪಿಸೋಡು. ಮುಜುಗರ ಇಲ್ಲ ತಾನೆ?"

"ಕೆಲಸ ಅಂದ್ರೆ ಕೆಲಸ. ನನ್ನ ಹೆಸರು ಹಾಕ್ಬೇಡಿ. ಅವಳಿಗೂ ಹೇಳ್ಬೇಡಿ, ಸುಮ್ನೆ ಸಂಕೋಚ ಪಡ್ತಾಳೆ."

"ನೀವು ದೇವರು ಮೇಡಂ."

ಇರಲಿ. ಶಾಪ ಕೊಡುವ ದೇವರೂ ಇರುತ್ತಾರೆ. ಮೇಷ್ಟ್ರು ತಾವಾಗಿಯೇ ನನ್ನ ಮೇಜಿನ ಮೇಲೆ ಬಂದು ಮಲಗಿದ್ದಾರೆ. ಎಲ್ಲಿ ಬೇಕಾದರೂ ಕತ್ತರಿಸಬಹುದು.

ಮಾರ್ಚ್ 13, ಗುರುವಾರ

ಮೂರು ಕ್ಯಾಮೆರಾ. ಒಂದು ಮೇಷ್ಟ್ರ ಮೇಲೆ, ಒಂದು ಮಗಳ ಮೇಲೆ, ಒಂದರಲ್ಲಿ ನಿರೂಪಕಿಯೂ ಸೇರಿ ಮೂವರೂ. ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳಲ್ಲಿದ್ದದ್ದನ್ನೆಲ್ಲ ನನ್ನ ಡಿಸ್ಕಿಗೆ ಇಳಿಸಿಕೊಂಡು ನೋಡುತ್ತಾ ಕೂತೆ.

ಮೇಷ್ಟ್ರು ಜೋರಾಗಿಯೇ ಶುರು ಮಾಡಿದ್ದಾರೆ. "ನಮ್ಮ ಕಾಲದಲ್ಲಿ ಒಬ್ಬ ಮನುಷ್ಯ ಬಾಗಿಲು ತೆಗೆದು ಒಳಗೆ ಬಂದ್ರೆ, ಅವನು ಬರೋದನ್ನ ನೋಡ್ತಿದ್ವಿ. ಹೇಗೆ ಬಂದ ಅನ್ನೋದ್ರಲ್ಲೇ ಅವನು ಯಾರು ಅಂತ ಗೊತ್ತಾಗ್ತಿತ್ತು. ಈಗ ಬಾಗಿಲೂ ಇಲ್ಲ, ಬರೋದೂ ಇಲ್ಲ. ಸೀದಾ ಹೊಡೆತ."

ಮಗಳು ಬಿಡಲಿಲ್ಲ. "ನಿಮ್ಮ ಕಾಲದಲ್ಲೂ ಕೆಟ್ಟ ಸಿನಿಮಾ ಬಂದಿದ್ವು ಸರ್. ಅವನ್ನ ಎಲ್ರೂ ಮರೆತಿದ್ದಾರೆ. ಒಳ್ಳೇವು ಮಾತ್ರ ಉಳ್ಕೊಂಡಿವೆ. ಅವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಈ ಶುಕ್ರವಾರದ ಸಿನಿಮಾನ ಇನ್ನೊಂದು ಕಡೆ ಇಟ್ಟು ತೂಗಿದ್ರೆ ಹೇಗೆ?"

"ಮರೆಯೋದಕ್ಕೂ ಸ್ವಲ್ಪ ಹೊತ್ತು ಬೇಕಮ್ಮ. ಈಗಿನವು ನೋಡ್ತಿರುವಾಗ್ಲೇ ಮರೆತುಹೋಗ್ತವೆ."

ನಿರೂಪಕಿ ನಕ್ಕಳು. ನಾನು ಹಲ್ಲು ಕಡಿದೆ. ಆಗ ಮಗಳು ಕೇಳಿದಳು, ಮೆತ್ತಗೆ: "ನನ್ನ ಸಿನಿಮಾದಲ್ಲಿ ನಿಮಗೆ ಯಾವ ದೃಶ್ಯ ಹಿಡಿಸಲಿಲ್ಲ ಸರ್? ಒಂದು ಹೇಳಿ. ಕಲೀತೀನಿ."

ಮೇಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ. ಮೇಜು ನೋಡಿದರು. ಲೋಟ ನೋಡಿದರು. ಬೆರಳು ಮೇಜಿನ ಅಂಚಿನಲ್ಲಿ ಏನನ್ನೋ ಹುಡುಕಿದವು. ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಕಣ್ಣು. ಇದು ಸೊಕ್ಕಿನ ಮೌನವಲ್ಲ. ಮರೆತಿದ್ದಾರೆ. ಅವಳ ಸಿನಿಮಾ, ತಾವು ಬರೆದ ಅಂಕಣ, ಅಲ್ಲಿ ಯಾಕೆ ಕೂತಿದ್ದೇವೆ ಅನ್ನುವುದು — ಎಲ್ಲ.

ಮತ್ತೆ ಹಾಕಿ ನೋಡಿದೆ. ಮತ್ತೆ.

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಖುಷಿಯಾಯಿತು, ಹೊಟ್ಟೆ ತುಂಬ ಖುಷಿಯಾಯಿತು. ನಿಲ್ಲಬೇಕು, ಶಾಟ್ ನಿಲ್ಲಬೇಕು ಎಂದು ಜೀವಮಾನವಿಡೀ ಬಾಯಿ ಬಡಿದುಕೊಂಡವರು. ಆಗಲಿ ಮೇಷ್ಟ್ರೇ. ನಿಮ್ಮ ಮುಖದ ಮೇಲೇ ನಿಲ್ಲಿಸುತ್ತೇನೆ. ಊರೆಲ್ಲ ನೋಡಲಿ.

ಮಾರ್ಚ್ 14, ಶುಕ್ರವಾರ

ಅದರ ಮುಂದಿನದನ್ನು ಇವತ್ತು ನೋಡಿದೆ.

ಮಗಳು ಕುರ್ಚಿಯಿಂದ ಅರ್ಧ ಎದ್ದಿದ್ದಾಳೆ. ನೀರಿನ ಲೋಟ ಅವರ ಕೈ ಹತ್ತಿರ ಸರಿಸಿದ್ದಾಳೆ. "ಆಸ್ಪತ್ರೆ ವರಾಂಡದ ದೃಶ್ಯ ಇರ್ಬೇಕು ಅಲ್ವಾ ಸರ್? ತಾಯಿ ಬೆಂಚಿನ ಮೇಲೆ ಕೂತಿರ್ತಾಳಲ್ಲ."

ಮೇಷ್ಟ್ರ ಮುಖಕ್ಕೆ ಜೀವ ಬಂತು. "ಹೂಂ, ಆ ತಾಯಿ. ಅವಳಿಗೆ ಸುದ್ದಿ ಗೊತ್ತಾಗುತ್ತೆ, ನೀವು ತಕ್ಷಣ ರಸ್ತೆಗೆ ಹೊರಟುಹೋಗ್ತೀರಿ. ಯಾಕೆ? ಅವಳ ಮುಖದ ಮೇಲೆ ಇರ್ಬೇಕಿತ್ತು. ನಿನ್ನ ಸಿನಿಮಾ ಅಲ್ಲೇ ಇತ್ತಲ್ಲಮ್ಮ."

ಅದಕ್ಕೆ ನನ್ನ ಮಗಳು, ನಾನು ಹೆತ್ತ ಮಗಳು: "ನನಗೂ ಹಾಗೇ ಅನ್ನಿಸಿತ್ತು ಸರ್. ಕೇಳಿದೆ. ಎಡಿಟರ್ ಒಪ್ಪಲಿಲ್ಲ."

ಎಡಿಟರ್ ಅಂತೆ. ಅಮ್ಮ ಅನ್ನಲಿಲ್ಲ. ಆಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಮಾತಾಡುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಚೆನ್ನಾಗಿರುವುದು ಅದೊಂದೇ ಭಾಗ. ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಗಳವನ್ನೇ ಇಬ್ಬರೂ ಮರೆತಿದ್ದಾರೆ. ಒಂದು ದೃಶ್ಯವನ್ನು ಹೇಗೆ ಮಾಡಬೇಕು, ಅಷ್ಟೇ ಮಾತು.

ತೆಗೆದೆ. ಪೂರ್ತಿ.

ಈಗ ಮೇಷ್ಟ್ರ ಖಾಲಿ ಮುಖ ನೇತಾಡುತ್ತಿದೆ. ಅಲ್ಲಿಂದ ಮಗಳ ಮುಖಕ್ಕೆ ಹೋಗಬೇಕು. ಆ ಹೊತ್ತಿನ ಅವಳ ಮುಖ ಕೆಲಸಕ್ಕೆ ಬರುವುದಿಲ್ಲ, ಅದರ ತುಂಬ ಗಾಬರಿ, ಮರುಕ. ಹಿಂದೆ ಹೋದೆ. ತೀರಾ ಮೊದಲಿಗೆ. ಮಾತು ಶುರುವಾಗುವ ಮುಂಚೆ ಮೈಕಿನವನು ಅವಳ ಕಾಲರಿಗೆ ಮೈಕ್ ಸಿಕ್ಕಿಸಲು ಬಂದು ಏನೋ ತಮಾಷೆ ಹೇಳಿದ್ದಾನೆ. ಕ್ಯಾಮೆರಾ ಆಗಲೇ ಓಡುತ್ತಿದೆ. ಅವಳ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು.

ನಮ್ಮ ಕೆಲಸದಲ್ಲಿ ಇದು ದಿನನಿತ್ಯದ್ದು. ಅಲ್ಲಿಯ ತಲೆಯಾಡಿಸುವಿಕೆ ಇಲ್ಲಿಗೆ, ಇಲ್ಲಿಯ ನೋಟ ಅಲ್ಲಿಗೆ. ಯಾರಿಗೂ ನೋವಾಗುವುದಿಲ್ಲ. ಮೇಷ್ಟ್ರ ಮುಖ — ಮಗಳ ನಗು — ಮತ್ತೆ ಮೇಷ್ಟ್ರ ಮುಖ, ಉದ್ದಕ್ಕೆ, ತುಂಬಾ ಉದ್ದಕ್ಕೆ. ಆಮೇಲೆ ಸೀದಾ ಜಾಹೀರಾತು. ಮಗಳು ಗೆದ್ದಳು. ನಾನು ಗೆಲ್ಲಿಸಿದೆ.

ಮಾರ್ಚ್ 16, ಭಾನುವಾರ. ಸಂಜೆ

ಸೋಫಾದಲ್ಲಿ ಅಕ್ಕಪಕ್ಕ ಕೂತು ನೋಡಿದೆವು. ನಾನು ಮೊದಲ ಸಲ ನೋಡುವವಳ ಹಾಗೆ.

"ಇಷ್ಟಕ್ಕೇ ಬಿಟ್ರಾ? ಆಮೇಲೆ ಮಾತಾಡಿದ್ದು ಎಲ್ಲಿ?"

"ಟಿವಿಯವರಲ್ವಾ. ಸಮಯಕ್ಕೆ ಸರಿಯಾಗಿ ಮುಗಿಸಿರ್ತಾರೆ."

"ನಾನು ಅಲ್ಲಿ ನಗ್ಲಿಲ್ಲಮ್ಮ."

"ಗೆದ್ದಿದ್ದೀಯಲ್ಲ, ಬಿಡು."

"ಯಾರನ್ನ?"

ಕಾಫಿ ಮಾಡಲು ಎದ್ದೆ. ಸಕ್ಕರೆ ಹಾಕುವುದು ಮರೆತೆ. ಅವಳೂ ಹೇಳಲಿಲ್ಲ.

ಮಾರ್ಚ್ 19, ಬುಧವಾರ

ಎಲ್ಲರ ಫೋನಿನಲ್ಲೂ ಅದೇ ತುಣುಕು. ಯಾರೋ ಅದನ್ನು ನಿಧಾನ ಮಾಡಿ, ಹಿಂದೆ ಪಿಟೀಲು ಹಾಕಿದ್ದಾನೆ. ನನ್ನ ಕೆಲಸದ ಮೇಲೆ ಇನ್ನೊಬ್ಬನ ಕೆಲಸ. ಮೇಷ್ಟ್ರ ಒಂದು ಸಿನಿಮಾವನ್ನೂ ನೋಡದವರು ಮೇಷ್ಟ್ರಿಗಾಗಿ ಅಳುತ್ತಿದ್ದಾರೆ. ಮಗಳಿಗೆ ಬೈಯುತ್ತಿದ್ದಾರೆ. 'ಮುದುಕರ ಸಂಕಟ ನೋಡಿ ನಗುವವಳು ಮನುಷ್ಯರ ಸಿನಿಮಾ ಏನು ಮಾಡ್ತಾಳೆ?' ಇದು ಬೈಗುಳಗಳ ಪೈಕಿ ಮರ್ಯಾದಸ್ಥ ಬೈಗುಳ.

ಕಥೆ ಕೇಳಿದ್ದ ಕಂಪನಿಯಿಂದ ಮೆಸೇಜು. 'ಸ್ವಲ್ಪ ತಣ್ಣಗಾಗಲಿ, ಆಮೇಲೆ ನೋಡೋಣ.' ಅಂದರೆ ಮುಗಿಯಿತು.

ಮಗಳು ಪ್ರೊಡ್ಯೂಸರ್‌ಗೆ ಫೋನ್ ಮಾಡಿದಳು. ಹಳೆಯದು ಅಳಿಸಿಹೋಗಿ, ಕಾರ್ಡ್‌ಗಳ ಮೇಲೆ ಆಗಲೇ ಮುಂದಿನ ವಾರದ ರೆಕಾರ್ಡಿಂಗ್ ಬಂದು ಕೂತಿದೆಯಂತೆ. ನಿರೂಪಕಿಯನ್ನು ಕೇಳಿದಳು. "ನಕ್ಕಿರಬಹುದು ಕಣೇ, ನಾನು ಮುಂದಿನ ಪ್ರಶ್ನೆ ನೋಡ್ಕೋತಿದ್ದೆ." ಆಮೇಲೆ ಪ್ರೊಡ್ಯೂಸರ್ ನನಗೆ ಫೋನ್ ಮಾಡಿದ. "ನಾನು ಬಾಯಿ ಬಿಡಲ್ಲ ಮೇಡಂ, ನೀವೂ ಬಿಡ್ಬೇಡಿ. ಇಷ್ಟು ಜನ ನಮ್ಮನ್ನ ಯಾವತ್ತೂ ನೋಡಿರಲಿಲ್ಲ."

ನನ್ನ ಡಿಸ್ಕಿನಲ್ಲಿ ಎಲ್ಲ ಇದೆ. ನೀರಿನ ಲೋಟ, ಆಸ್ಪತ್ರೆ ವರಾಂಡ, ಎಲ್ಲ. ಹೊರಗೆ ಹಾಕಿದರೆ ಮಗಳು ಉಳಿಯುತ್ತಾಳೆ. ಜೊತೆಗೆ ತಾಯಿಯ ಮುಖದ ಮೇಲೆ ಇರಬೇಕಿತ್ತು ಅನ್ನುವ ಮೇಷ್ಟ್ರ ಮಾತೂ ಉಳಿಯುತ್ತದೆ, ಎಡಿಟರ್ ಒಪ್ಪಲಿಲ್ಲ ಅನ್ನುವುದೂ ಉಳಿಯುತ್ತದೆ. ಊರವರ ಬಾಯಿ ಎಷ್ಟು ದಿನ. ತಾನಾಗಿ ಮುಚ್ಚುತ್ತದೆ.

ಮಾರ್ಚ್ 20, ಗುರುವಾರ

ಮೇಷ್ಟ್ರು ಫೋನ್ ಮಾಡಿದರು. ಎಷ್ಟೋ ವರ್ಷಗಳ ಮೇಲೆ.

"ಏನಮ್ಮ, ಚೆನ್ನಾಗಿದ್ದೀಯಾ? ಆ ನಗು ಎಲ್ಲಿಂದ ತಂದೆ? ಮೈಕ್ ಸಿಕ್ಕಿಸುವಾಗಿನದಾ?"

"ಯಾವ ನಗು ಮೇಷ್ಟ್ರೇ?"

"ನನ್ನ ಹತ್ರ ಬೇಡ. ನಗುವಾಗ ಹುಡುಗಿ ಕಾಲರ್ ಮೇಲೆ ಮೈಕ್ ಇಲ್ಲ. ಅದಕ್ಕೆ ಮುಂಚಿನ ಶಾಟ್‌ನಲ್ಲಿ ಇದೆ. ಅವಸರ ಮಾಡಿದ್ದೀಯ. ಆದ್ರೆ ನನ್ನ ಮುಖದ ಮೇಲೆ ನಿಂತೆಯಲ್ಲ, ಅದು ನಾನು ಕಲಿಸಿದ ಲೆಕ್ಕ. ಕೈ ಗುರುತು ಸಿಗದೇ ಇರುತ್ತಾ?"

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಆ ಮಗು ನಗಲಿಲ್ಲ. ನನಗೆ ಮಾತು ಎತ್ತಿಕೊಟ್ಟಳು. ಈಗೀಗ ಬಹಳ ಮರೀತೀನಮ್ಮ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ರು, ಅದೂ ಮರೆತೆ. ಇದೊಂದು ಯಾಕೋ ನೆನಪಿದೆ. ಭಾನುವಾರದ ಅಂಕಣದಲ್ಲಿ ಬರೀತೀನಿ, ಅವಳು ನಗಲಿಲ್ಲ ಅಂತ. ನನ್ನ ಮಾತು ಜನ ನಂಬ್ತಾರೆ. ನೀನು ಹೆದರ್ಬೇಡ, ನಿನ್ನ ಹೆಸರು ಬರೆಯಲ್ಲ. ನಾಳೆಗೆ ಮರೆತುಬಿಟ್ಟಿರ್ತೀನಿ, ನೀನೇ ನೆನಪಿಸು."

ಆಗಲೂ ಹೆಸರು ಬರೆಯಲಿಲ್ಲ. ಈಗಲೂ ಬರೆಯುವುದಿಲ್ಲವಂತೆ. ಈಗ ಅದು ಉಪಕಾರ. ಅವರು ಕ್ಷಮಿಸಬೇಕು, ನಾನು ತಲೆ ತಗ್ಗಿಸಿ ನೆನಪಿಸಬೇಕು. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 21, ಶುಕ್ರವಾರ

ಅವರೇ ಮತ್ತೆ ಫೋನ್ ಮಾಡಿದರು.

"ನಿನಗೆ ಏನೋ ಹೇಳಿದ್ದೆನಲ್ಲಮ್ಮ. ಕ್ಯಾಲೆಂಡರ್ ಮೇಲೆ ನಿನ್ನ ನಂಬರ್ ಬರೆದಿದ್ದೀನಿ, ಯಾಕೆ ಅಂತ ಬರೆದಿಲ್ಲ."

"ಏನಿಲ್ಲ ಮೇಷ್ಟ್ರೇ. ಚೆನ್ನಾಗಿದ್ದೀಯಾ ಅಂತ ಕೇಳಿದ್ರಿ."

"ಅಷ್ಟೇನಾ? ಯಾರೋ ಒಂದು ಹುಡುಗಿ ವಿಷಯ ಅನ್ನಿಸ್ತಿತ್ತು."

"ಅಷ್ಟೇ."

"ಹಾಗಾದ್ರೆ ಸರಿ. ಚೆನ್ನಾಗಿದ್ದೀಯಾ?"

ಅಕ್ಕರೆಯಿಂದಲೇ ಕೇಳಿದರು. ಚೆನ್ನಾಗಿದ್ದೇನೆ ಅಂದೆ. ಫೋನ್ ಇಟ್ಟರು.

ಮಾರ್ಚ್ 23, ಭಾನುವಾರ

ಅಂಕಣ ಬಂದಿದೆ. ಹಳೆಯ ಸಿನಿಮಾಗಳಲ್ಲಿ ಜನ ಬಾಗಿಲು ತೆಗೆಯುತ್ತಿದ್ದ ರೀತಿಯ ಬಗ್ಗೆ. ಸಿನಿಮಾ ಮತ್ತೊಮ್ಮೆ ಸತ್ತಿದೆ.

ಮಗಳು ಮೊದಲಿಂದ ಕೊನೆಯವರೆಗೆ ಓದಿದಳು. ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು. "ನಾನು ನಗ್ಲಿಲ್ಲ ಅಂತ ಅವರಾದ್ರೂ ಬರೀತಾರೆ ಅಂದ್ಕೊಂಡಿದ್ದೆ."

ಮಾರ್ಚ್ 28, ಶುಕ್ರವಾರ. ಸಂಜೆ

ಅವಳು ಹೊರಗಿನ ಕೋಣೆಯಲ್ಲಿ ಕೂತಿದ್ದಾಳೆ. ಕನ್ನಡಕ ತರುತ್ತೇನೆ ಎಂದು ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕನ್ನಡಕ ಮೂಗಿನ ಮೇಲೇ ಇದೆ.

ನಾಲ್ಕು ದಿನ ಊಟ ಸರಿಯಾಗಿ ಮಾಡದವಳು ಇವತ್ತು ತಾನಾಗಿ ಬಂದು ಪಕ್ಕ ಕೂತಳು. "ನಾನು ನಕ್ಕಿರ್ಬೇಕಮ್ಮ," ಅಂದಳು. "ಅವರಿಗೆ ನೀರು ಕೊಟ್ಟಿದ್ದು, ವರಾಂಡದ ದೃಶ್ಯ ನೆನಪಿಸಿದ್ದು, ಎಲ್ಲ ನಡೀತು ಅಂತಲೇ ಇದ್ದೆ. ಈಗ ಅದು ಗಟ್ಟಿಯಿಲ್ಲ. ಕಣ್ಣು ಮುಚ್ಚಿದ್ರೆ ಆ ನಗುವೇ ಬರುತ್ತೆ. ನನ್ನದೇ ಮುಖ ಅಲ್ವಾ? ಇಷ್ಟು ಜನಕ್ಕೆ ಕಾಣೋದು ಸುಳ್ಳಿರುತ್ತಾ?"

ಪೇಪರಿಗೆ ಕಳಿಸಲು ಕ್ಷಮಾಪಣೆ ಬರೆದಿದ್ದಾಳೆ. ಇನ್ನು ಸಿನಿಮಾ ಮಾಡುವುದಿಲ್ಲ ಎಂದೂ ಅದರಲ್ಲಿದೆ. "ಉದ್ದ ಆಗಿದೆ. ನೀನೇ ಸ್ವಲ್ಪ ಕತ್ತರಿಸಿಕೊಡು."

ಮೊದಲ ಸಾಲು: 'ನಾನು ನಕ್ಕೆ.' ಮಿಕ್ಕದ್ದೆಲ್ಲ ಅದರ ಹಿಂದೆ ಬಂದದ್ದು. ಅದನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ಮೇಷ್ಟ್ರ ಮುಖ ನೆನೆಸಿಕೊಂಡೆ. ಆ ಕೋಪವನ್ನೇ ಹುಡುಕಿದೆ. ಇದೆ, ಎಲ್ಲೂ ಹೋಗಿಲ್ಲ. ಆದರೂ ಬಾಯಿ ಕೇಳಲಿಲ್ಲ.

"ನೀನು ನಗ್ಲಿಲ್ಲ," ಅಂದುಬಿಟ್ಟೆ.

ತಲೆ ಎತ್ತಿದಳು. ಅಳುತ್ತಿದ್ದವಳು ನಿಲ್ಲಿಸಿದಳು. "ನಿನಗೆ ಹೇಗೆ ಗೊತ್ತಮ್ಮ? ನೀನು ಅಲ್ಲಿರಲಿಲ್ಲವಲ್ಲ."

ಆಗಲೇ ಕನ್ನಡಕದ ನೆಪ ಹೇಳಿ ಎದ್ದುಬಂದದ್ದು. ತಾಯಿಗೆ ಮಗಳು ಗೊತ್ತಿರಲ್ವಾ ಅನ್ನಬಹುದು. ನಂಬುತ್ತಾಳೆ. ಕಣ್ಣು ಒರೆಸಿಕೊಂಡು, ಪತ್ರ ಮಾತ್ರ ಹಾಗೇ ಕಳಿಸುತ್ತಾಳೆ. ಇಲ್ಲವೇ ಡಿಸ್ಕು ತೆಗೆದು ಅವಳ ಕೈಗೆ... ಕುರ್ಚಿ ಸರಿದ ಸದ್ದು. ಬರುತ್ತಿದ್ದಾಳೆ. ಬಾಗಿಲ ಹತ್ತಿರ ನಿಂತಿದ್ದಾಳೆ. "ಅಮ್ಮ, ಹೇಳು. ನಿನಗೆ ಹೇಗೆ—"